ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ: ಗಣಕದ ಆರಂಭವನ್ನು ಕುರಿತ ರೂಢ ನಂಬಿಕೆಯೊಂದರ ಖಂಡನೆ

ಹಳೆಯ ಗಣಕಯಂತ್ರದ ಹಾರ್ಡ್ ಡಿಸ್ಕನ್ನು ತೆಗೆದು ಅದರ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿದರೆ ಯಂತ್ರವು ತಾನಾಗಿಯೇ ಚುರುಕಾಗುತ್ತದೆ, ಹಾಗೆ ಚುರುಕಾಗದೆ ಉಳಿದರೆ ಅದರ ಆಯುಷ್ಯ ಮುಗಿಯಿತೆಂದು ತಿಳಿದು ಹೊಸ ಯಂತ್ರವನ್ನೇ ಕೊಳ್ಳಬೇಕು ಎಂಬ ಅಭಿಪ್ರಾಯವು ಇಂದು ಬಿಡಿಭಾಗದ ಅಂಗಡಿಯಿಂದ ಕಚೇರಿಯ ಖರೀದಿ ಕಡತದವರೆಗೆ ವಿಚಾರಣೆಯಿಲ್ಲದೆ ಒಪ್ಪಿತವಾಗಿದೆ. ಈ ಅಭಿಪ್ರಾಯದಲ್ಲಿ ಎರಡು ಪ್ರತಿಜ್ಞೆಗಳಿವೆ. ಆರಂಭದ ವಿಳಂಬಕ್ಕೆಲ್ಲ ಡಿಸ್ಕೇ ಕಾರಣ ಎಂಬುದು ಮೊದಲನೆಯದು. ಡಿಸ್ಕ್ ಬದಲಾದ ಮೇಲೂ ಉಳಿಯುವ ವಿಳಂಬಕ್ಕೆ ಯಂತ್ರದ ಮುಪ್ಪೇ ಕಾರಣ ಎಂಬುದು ಎರಡನೆಯದು. ಮೊದಲನೆಯದು ಅರ್ಧಸತ್ಯ, ಎರಡನೆಯದು ಬಹುಮಟ್ಟಿಗೆ ಅಸತ್ಯ. ಎಸ್‌ಎಸ್‌ಡಿ ನೀಗಿಸುವುದು ಆರಂಭದ ಹಲವು ವಿಳಂಬಗಳಲ್ಲಿ ಒಂದನ್ನು ಮಾತ್ರ, ಉಳಿದವುಗಳನ್ನು ಅವು ಇರುವ ಸ್ಥಳದಲ್ಲಿಯೇ ಅಳೆದು ತೆಗೆಯಬೇಕು, ಹಾಗೆ ತೆಗೆಯುವ ಕೆಲಸಕ್ಕೆ ಹಣಕ್ಕಿಂತ ಗಮನವೇ ಹೆಚ್ಚು ಬೇಕು ಎಂಬುದು ಈ ಲೇಖನದ ವಾದ.

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿಗೆ ಇದು ಸಣ್ಣ ವಿಷಯವಲ್ಲ. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆಯು ಪಹಣಿಯನ್ನು ಗಣಕಕ್ಕೆ ಏರಿಸಿದ ಮೇಲೆ, ಹೆತ್ತೂರು, ಯಸಳೂರು, ಹಾನುಬಾಳು, ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆ ಹೋಬಳಿಗಳ ರೈತರೂ ಕೂಲಿಕಾರರೂ ವಿದ್ಯಾರ್ಥಿಗಳೂ ಸರ್ಕಾರದೊಡನೆ ನಡೆಸುವ ವ್ಯವಹಾರದ ಬಹುಭಾಗವು ನಾಡಕಚೇರಿಯ, ಪಂಚಾಯಿತಿಯ ಅಥವಾ ಸೇವಾ ಕೇಂದ್ರದ ಮೇಜಿನ ಮೇಲಿರುವ ಒಂದು ಗಣಕದ ಮೂಲಕವೇ ಹಾದುಹೋಗಬೇಕಾಗಿದೆ. ಕಾಫಿ ತೋಟದ ಕಚೇರಿಯಲ್ಲಿ ಹಾಜರಿಯನ್ನು ಕೂಡಿ ವಾರದ ಬಟವಾಡೆ ಲೆಕ್ಕ ಹಾಕುವ ರೈಟರಿನ ಕೆಲಸವೂ ಎಷ್ಟೋ ಕಡೆ ಗಣಕಕ್ಕೆ ಬಂದಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಇಂಥ ಯೋಜನೆಗಳಲ್ಲಿ ಬರುವ ಯಂತ್ರಗಳೂ ಕೆಲವೇ ವರ್ಷಗಳಲ್ಲಿ ಹಳೆಯವಾಗುವುದು ನಿಶ್ಚಿತವಾದ್ದರಿಂದ, ಅವನ್ನು ಆಗ ಎಸೆಯಬೇಕೋ ಉಳಿಸಿಕೊಳ್ಳಬೇಕೋ ಎಂಬುದು ಸಾರ್ವಜನಿಕ ಹಣದ ಪ್ರಶ್ನೆಯೂ ಆಗುತ್ತದೆ.

ಪೂರ್ವಪಕ್ಷದಲ್ಲಿರುವ ಸತ್ಯಾಂಶವನ್ನು ಮೊದಲು ಪೂರ್ಣವಾಗಿ ಒಪ್ಪಿಕೊಳ್ಳಬೇಕು. ಹಾರ್ಡ್ ಡಿಸ್ಕ್ ಎಂದರೆ ಕಾಂತೀಯ ಲೇಪನವಿರುವ ತಟ್ಟೆಗಳು ನಿರಂತರವಾಗಿ ತಿರುಗುತ್ತಿರುವಾಗ, ತೋಳಿನ ತುದಿಯಲ್ಲಿರುವ ಓದುಮುಖವೊಂದು ಬೇಕಾದ ಸ್ಥಳಕ್ಕೆ ಸರಿದು ಮಾಹಿತಿಯನ್ನು ಎತ್ತಿಕೊಳ್ಳುವ ಸಾಧನ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಅಂಶವು ಮುಖದ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4.2 ಮಿಲಿಸೆಕೆಂಡು ಕಾಯಬೇಕು. ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿದ್ದ 5400 ಸುತ್ತಿನ ತಟ್ಟೆಯಲ್ಲಿ ಈ ಕಾಯುವಿಕೆ ಸುಮಾರು 5.6 ಮಿಲಿಸೆಕೆಂಡು. ತೋಳು ಸರಿಯುವ ಸಮಯವನ್ನೂ ಕೂಡಿಸಿದರೆ ಒಂದೊಂದು ಬಿಡಿ ಓದಿಗೆ 15 ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಎಸ್‌ಎಸ್‌ಡಿಯಲ್ಲಾದರೋ ತಿರುಗುವ, ಸರಿಯುವ ಅಂಗಗಳೇ ಇಲ್ಲ. ತೋಶಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ ಅವರು ರೂಪಿಸಿ 1987ರಲ್ಲಿ ಪ್ರಕಟಪಡಿಸಿದ ನ್ಯಾಂಡ್ ಫ್ಲ್ಯಾಶ್ ಎಂಬ ಸ್ಮೃತಿಕೋಶಗಳಲ್ಲಿ ಮಾಹಿತಿಯು ವಿದ್ಯುದಾವೇಶವಾಗಿ ಉಳಿಯುವುದರಿಂದ ಅದೇ ಬಿಡಿ ಓದು ಸುಮಾರು 0.1 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಗಣಕವು ಆರಂಭವಾಗುವಾಗ ಅದು ಓದುವುದು ಒಂದು ದೊಡ್ಡ ಕಡತವನ್ನಲ್ಲ, ಡಿಸ್ಕಿನ ಮೂಲೆಮೂಲೆಗಳಲ್ಲಿ ಚದುರಿರುವ ಸಾವಿರಾರು ಸಣ್ಣ ತುಣುಕುಗಳನ್ನು. ಆದ್ದರಿಂದ ಡಿಸ್ಕಿನ ಬದಲಾವಣೆಯು ಆರಂಭದಲ್ಲಿ ಎದ್ದುಕಾಣುವ ಲಾಭ ತರುವುದು ಸಹಜವೇ ಆಗಿದೆ.

ಆದರೆ ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರೆ ರೂಢ ನಂಬಿಕೆಯ ಬುಡ ಸಡಿಲವಾಗುತ್ತದೆ. ಒಂದು ಯಂತ್ರದ ಆರಂಭಕ್ಕೆ 75 ಸೆಕೆಂಡು ಬೇಕು, ಆ ಅವಧಿಯಲ್ಲಿ 3,000 ಬಿಡಿ ಓದುಗಳಾಗುತ್ತವೆ ಎಂದು ಉದಾಹರಣೆಗಾಗಿ ಇಟ್ಟುಕೊಂಡರೆ, ಹಾರ್ಡ್ ಡಿಸ್ಕಿಗಾಗಿ ಕಾದ ಕಾಲವು 45 ಸೆಕೆಂಡು, ಬೇರೆ ಕಾರಣಗಳಿಂದ ಕಳೆದ ಕಾಲವು 30 ಸೆಕೆಂಡು. ಎಸ್‌ಎಸ್‌ಡಿ ಬಂದಾಗ ಆ 45 ಸೆಕೆಂಡು 0.3 ಸೆಕೆಂಡಿಗೆ ಇಳಿಯುತ್ತದೆ. ಉಳಿದ 30 ಸೆಕೆಂಡು ಹಾಗೆಯೇ ನಿಲ್ಲುತ್ತದೆ. ಈಗ ಅದಕ್ಕಿಂತ ಆರು ಏಳು ಪಟ್ಟು ವೇಗದ, ಹೆಚ್ಚು ಬೆಲೆಯ ಇನ್ನೊಂದು ಡ್ರೈವನ್ನು ತಂದು ಹಾಕಿದರೂ ಉಳಿತಾಯವಾಗುವುದು 0.3 ಸೆಕೆಂಡಿನೊಳಗಿನ ಒಂದು ಅಂಶ ಮಾತ್ರ. ಒಂದು ಕಾರ್ಯದ ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿದರೂ ಒಟ್ಟು ಲಾಭವನ್ನು ಉಳಿದ ಭಾಗಗಳೇ ಮಿತಿಗೊಳಿಸುತ್ತವೆ ಎಂಬ ಈ ತತ್ತ್ವವನ್ನು ಜೀನ್ ಆಮ್ಡಾಲ್ ಎಂಬ ಗಣಕ ವಿನ್ಯಾಸಕಾರ 1967ರಲ್ಲಿ ಪ್ರತಿಪಾದಿಸಿದರು, ಗಣಕ ವಿಜ್ಞಾನದಲ್ಲಿ ಅದು ಅವರ ಹೆಸರಿನ ನಿಯಮವಾಗಿಯೇ ಉಳಿದಿದೆ. ಕಾಫಿ ತೋಟಗಳ ನಾಡಿಗೆ ಇದು ಅಪರಿಚಿತ ವಿವೇಕವೇನಲ್ಲ: ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರನ್ನು ಎಷ್ಟೇ ವೇಗದ್ದಾಗಿ ಬದಲಾಯಿಸಿದರೂ, ಒಣಗಿಸುವ ಕಣ ಇದ್ದಷ್ಟೇ ಇದ್ದರೆ ಕೊಯ್ಲು ಬೇಗ ಮುಗಿಯುವುದಿಲ್ಲವೆಂದು ಪ್ರತಿಯೊಬ್ಬ ಬೆಳೆಗಾರನೂ ಬಲ್ಲ.

ಹಾಗಾದರೆ ಆ ಉಳಿದ ಕಾಲ ಎಲ್ಲಿ ಕಳೆಯುತ್ತದೆ ಎಂಬುದನ್ನು ತಿಳಿಯಲು ಆರಂಭವನ್ನು ನಾಲ್ಕು ಹಂತಗಳಾಗಿ ಬಿಡಿಸಿ ನೋಡಬೇಕು. ಗುಂಡಿ ಒತ್ತಿದೊಡನೆ ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲಿಯೇ ಬರೆದಿಟ್ಟ ಫರ್ಮ್‌ವೇರ್ ಎಂಬ ಮೂಲ ತಂತ್ರಾಂಶ. 1981ರ ಐಬಿಎಂ ಪಿಸಿಯಿಂದ ಬಂದ ಹಳೆಯ ಬಗೆಗೆ ಬಯೋಸ್ ಎಂದೂ, ಅದರ ಸ್ಥಾನಕ್ಕೆ ಬಂದ ಹೊಸ ಬಗೆಗೆ ಯುಇಎಫ್‌ಐ ಎಂದೂ ಹೆಸರು. ಅದು ಸ್ಮೃತಿಯನ್ನೂ ಸಾಧನಗಳನ್ನೂ ಪರೀಕ್ಷಿಸಿ ಯಾವ ಡ್ರೈವಿನಿಂದ ಮುಂದುವರಿಯಬೇಕೆಂದು ನಿರ್ಧರಿಸುತ್ತದೆ. ಎರಡನೆಯ ಹಂತದಲ್ಲಿ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ ಮತ್ತು ಸಾಧನಗಳನ್ನು ನಡೆಸುವ ಡ್ರೈವರುಗಳು ಸ್ಮೃತಿಗೆ ಬರುತ್ತವೆ. ಮೂರನೆಯದರಲ್ಲಿ ಹಿನ್ನೆಲೆಯ ಸೇವೆಗಳು ಏಳುತ್ತವೆ. ನಾಲ್ಕನೆಯದರಲ್ಲಿ ಬಳಕೆದಾರನ ಪರದೆ ತೆರೆದು, ಅದರ ಬೆನ್ನಿಗೆ ತಾವಾಗಿಯೇ ಶುರುವಾಗುವ ತಂತ್ರಾಂಶಗಳೆಲ್ಲ ಸಾಲುಗಟ್ಟುತ್ತವೆ. ಡ್ರೈವಿನ ವೇಗವು ಎರಡು, ಮೂರು, ನಾಲ್ಕನೆಯ ಹಂತಗಳ ಓದಿನ ಭಾಗಕ್ಕೆ ನೆರವಾಗುತ್ತದೆಯೇ ಹೊರತು ಮೊದಲ ಹಂತಕ್ಕಾಗಲಿ, ಉಳಿದ ಹಂತಗಳಲ್ಲಿ ಒಂದು ತಂತ್ರಾಂಶವು ಇನ್ನೊಂದಕ್ಕಾಗಿ ಕಾಯುವ ಕಾಲಕ್ಕಾಗಲಿ ಅದರಿಂದ ಪ್ರಯೋಜನವಿಲ್ಲ.

ಮೊದಲ ಹಂತದ ವಿಳಂಬಗಳೇ ಅತ್ಯಂತ ಅಲಕ್ಷಿತವಾದವು. ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಹಾರ್ಡ್ ಡಿಸ್ಕನ್ನು ಹೆಚ್ಚುವರಿ ಜಾಗಕ್ಕೆಂದು ಅದೇ ಯಂತ್ರದಲ್ಲಿ ಬಿಡುವುದು ಸಾಮಾನ್ಯ ಪದ್ಧತಿ. ಆ ಡಿಸ್ಕು ಸವೆದಿದ್ದರೆ ಫರ್ಮ್‌ವೇರ್ ಅದರ ಉತ್ತರಕ್ಕಾಗಿ ಮತ್ತೆಮತ್ತೆ ಪ್ರಯತ್ನಿಸುತ್ತ ಹಲವು ಸೆಕೆಂಡು ನಿಲ್ಲುತ್ತದೆ. ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಹಳೆಯ ಡಿಸ್ಕು ಜೋಡಣೆಯಲ್ಲಿರುವಾಗಲೇ ಹೊಸ ಡ್ರೈವಿಗೆ ವಿಂಡೋಸ್ ಹಾಕಿದರೆ, ಆರಂಭದ ಕಡತಗಳು ಹಳೆಯ ಡಿಸ್ಕಿನ ಸಣ್ಣ ವಿಭಾಗದಲ್ಲಿಯೇ ಉಳಿದುಬಿಡಬಹುದು. ಆಗ ವಿಂಡೋಸ್ ಇರುವುದು ಎಸ್‌ಎಸ್‌ಡಿಯಲ್ಲಿ, ಆದರೆ ಪ್ರತಿ ಬಾರಿಯೂ ದಾರಿ ತೋರಿಸಬೇಕಾದದ್ದು ತಿರುಗುವ ತಟ್ಟೆ. ಆ ತಟ್ಟೆ ಕೆಟ್ಟ ದಿನ ಎಸ್‌ಎಸ್‌ಡಿ ಸುಸ್ಥಿತಿಯಲ್ಲಿದ್ದರೂ ಯಂತ್ರ ಏಳುವುದಿಲ್ಲ. ಆರಂಭದ ಅನುಕ್ರಮದಲ್ಲಿ ಜಾಲದ ಮೂಲಕ ಬೂಟ್ ಆಗುವ ಆಯ್ಕೆ ಮೊದಲಿಗಿದ್ದರೆ, ಇಲ್ಲದ ಸರ್ವರಿಗಾಗಿ ಯಂತ್ರ ದಿನವೂ ಹುಡುಕಾಡುತ್ತದೆ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಸತ್ತಿದ್ದರಂತೂ, ಮುಖ್ಯ ವಿದ್ಯುತ್ತು ಪೂರ್ತಿ ಕಡಿದಾಗಲೆಲ್ಲ ಫರ್ಮ್‌ವೇರಿನ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಬಯೋಸ್ ಮಾದರಿಯ ಹಳೆಯ ಯಂತ್ರಗಳಲ್ಲಿ ಸರಿಪಡಿಸಿಟ್ಟ ಅನುಕ್ರಮವೂ ಅಳಿಸಿಹೋಗುತ್ತದೆ, ಯಾರಾದರೂ ಬಂದು ಎಫ್1 ಕೀಲಿ ಒತ್ತುವವರೆಗೆ ಯಂತ್ರ ಕಪ್ಪು ಪರದೆಯಲ್ಲಿ ನಿಂತಿರುತ್ತದೆ. ದಿನಾಂಕ ತಪ್ಪಿರುವುದರಿಂದ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳೂ ಒಪ್ಪಿಗೆಯಾಗದೆ ಸರ್ಕಾರಿ ಪೋರ್ಟಲ್ ತೆರೆಯುವುದಿಲ್ಲ. ಕರೆಂಟು ಪದೇಪದೇ ಹೋಗುವ ಊರಿನಲ್ಲಿ ಈ ದೋಷ ಪದೇಪದೇ ತಲೆಯೆತ್ತುತ್ತದೆ, 'ಸಿಸ್ಟಮ್ ಹಳತಾಯಿತು' ಎಂಬ ತೀರ್ಪಿಗೂ ಗುರಿಯಾಗುತ್ತದೆ. ಪರಿಹಾರವೆಂದರೆ ಅತ್ಯಲ್ಪ ಬೆಲೆಯ ಒಂದು ಬ್ಯಾಟರಿ.

ಎರಡನೆಯ ಹಂತದ ದೋಷಗಳು ಬಹುಪಾಲು ನಕಲಿನಿಂದ ಬರುತ್ತವೆ. ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಅಚ್ಚಿಳಿಸಿದಂತೆ ಹೊಸದಕ್ಕೆ ತುಂಬುವ ಕ್ಲೋನ್ ವಿಧಾನವು ಅನುಕೂಲಕರವಾದದ್ದೇ, ಆದರೆ ಅದು ಹತ್ತು ವರ್ಷಗಳ ಕಸವನ್ನೂ ಹಳೆಯ ಯಂತ್ರದ ತಪ್ಪುಗಳನ್ನೂ ಅಷ್ಟೇ ನಿಷ್ಠೆಯಿಂದ ಒಯ್ಯುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ವಿಭಾಗಿಸಿದ ಡಿಸ್ಕಿನ ಮೊದಲ ವಿಭಾಗವು 63ನೆಯ ಸೆಕ್ಟರಿನಿಂದ ಶುರುವಾಗುತ್ತಿತ್ತು. ಅದೇ ಗಡಿಯನ್ನು ಎಸ್‌ಎಸ್‌ಡಿಗೆ ನಕಲಿಸಿದರೆ ಅದರ ಒಳಗಿನ ಪುಟಗಳ ಗಡಿಯೊಡನೆ ಹೊಂದಿಕೆ ತಪ್ಪಿ, ಒಂದು ಬರಹಕ್ಕೆ ಎರಡು ಪುಟ ಮುಟ್ಟುವ ಅನಗತ್ಯ ಶ್ರಮ ಉಂಟಾಗುತ್ತದೆ. ಡ್ರೈವಿನೊಡನೆ ಮಾತಾಡುವ ವಿಧಾನವು ಎಎಚ್‌ಸಿಐ ಎಂಬ ಹೊಸ ಕ್ರಮದಲ್ಲಿರದೆ ಹಳೆಯ ಐಡಿಇ ಕ್ರಮದಲ್ಲಿಯೇ ಉಳಿದಿದ್ದರೆ, ಹಲವು ಬೇಡಿಕೆಗಳನ್ನು ಒಟ್ಟಿಗೆ ಸ್ವೀಕರಿಸಿ ಸರದಿಗೊಳಿಸುವ ಸೌಲಭ್ಯ ದೊರೆಯುವುದಿಲ್ಲ. ಸಿದ್ಧತೆಯಿಲ್ಲದೆ ಆ ಆಯ್ಕೆಯನ್ನು ಬದಲಿಸಿದರೆ ನೀಲಿ ಪರದೆ ಬರುತ್ತದೆ, ಆಗ 'ಈ ಮೆಷಿನ್ನಿಗೆ ಎಸ್‌ಎಸ್‌ಡಿ ಆಗಿಬರುವುದಿಲ್ಲ' ಎಂದು ಕೈಬಿಡಲಾಗುತ್ತದೆ. ಒಮ್ಮೆ ಸೇಫ್ ಮೋಡಿನಲ್ಲಿ ಆರಂಭಿಸಿದರೆ ವಿಂಡೋಸ್ ತಕ್ಕ ಡ್ರೈವರನ್ನು ಸಾಮಾನ್ಯವಾಗಿ ತಾನೇ ಹೊಂದಿಸಿಕೊಳ್ಳುತ್ತದೆ. ಹಾಗೆಯೇ ಯುಇಎಫ್‌ಐ ಇರುವ ಯಂತ್ರವನ್ನು ಹಳೆಯ ಡಿಸ್ಕಿನ ಸಲುವಾಗಿ ಬಯೋಸಿನ ಅನುಕರಣೆಯಲ್ಲಿ ಓಡಿಸುತ್ತಿದ್ದರೆ, ಡಿಸ್ಕಿನ ವಿಭಾಗಪಟ್ಟಿಯನ್ನು ಎಂಬಿಆರ್ ಎಂಬ ಹಳೆಯ ಬಗೆಯಿಂದ ಜಿಪಿಟಿ ಎಂಬ ಹೊಸ ಬಗೆಗೆ ಮಾಹಿತಿ ಅಳಿಸದೆಯೇ ಪರಿವರ್ತಿಸುವ ಸಾಧನವು 2017ರಿಂದ ವಿಂಡೋಸ್ 10ರ ಒಳಗೇ ಇದೆ.

ಉಬುಂಟುವಿನಂಥ ಲಿನಕ್ಸ್ ಬಳಸುವ ಶಾಲೆಗಳಲ್ಲಿಯೂ ಇಂಥದೇ ಒಂದು ವಿಳಂಬ ಎದುರಾಗುತ್ತದೆ, ಅದು ಈ ವಾದಕ್ಕೆ ಸ್ಪಷ್ಟವಾದ ಸಾಕ್ಷ್ಯ. ಸ್ಮೃತಿ ಸಾಲದಾದಾಗ ಬಳಸಲು ಡಿಸ್ಕಿನಲ್ಲಿ ಮೀಸಲಿಡುವ ಜಾಗಕ್ಕೆ ಸ್ವಾಪ್ ಎಂದು ಹೆಸರು. ಅದು ಎಲ್ಲಿದೆಯೆಂಬುದನ್ನು ಎಫ್‌ಎಸ್‌ಟ್ಯಾಬ್ ಎಂಬ ಸಣ್ಣ ಪಠ್ಯಕಡತದಲ್ಲಿ ಅದರ ಗುರುತುಸಂಖ್ಯೆಯೊಡನೆ ಬರೆದಿರುತ್ತದೆ. ಹಳೆಯ ಡಿಸ್ಕನ್ನು ತೆಗೆದ ಮೇಲೆ ಆ ಗುರುತಿನ ಸ್ವಾಪ್ ಇಲ್ಲವಾದರೂ ಸಾಲು ಉಳಿದಿದ್ದರೆ, ವ್ಯವಸ್ಥೆಯು ಅದು ಬರಬಹುದೆಂದು ಪ್ರತಿ ಆರಂಭದಲ್ಲೂ 90 ಸೆಕೆಂಡು ಕಾಯುತ್ತದೆ. ಜಗತ್ತಿನ ಅತ್ಯಂತ ವೇಗದ ಡ್ರೈವನ್ನು ತಂದು ಹಾಕಿದರೂ ಈ 90 ಸೆಕೆಂಡು 89 ಆಗುವುದಿಲ್ಲ. ಆ ಒಂದು ಸಾಲನ್ನು ತಿದ್ದಿದರೆ ಅದು ಸೊನ್ನೆಯಾಗುತ್ತದೆ. ಹೊಸ ಯಂತ್ರವೇ ಬೇಕೆಂದು ಬೇಡಿಕೆ ಸಲ್ಲಿಸುವ ಮೊದಲು ಇಂಥ ಸಾಲೊಂದನ್ನು ಹುಡುಕುವವರಿಲ್ಲದಿರುವುದು ಯಂತ್ರದ ದೋಷವಲ್ಲ.

ಮೂರನೆಯ ಮತ್ತು ನಾಲ್ಕನೆಯ ಹಂತಗಳಲ್ಲಿ ಸ್ಥಳೀಯ ಬಳಕೆಯ ಸ್ವರೂಪವೇ ಮುಖ್ಯವಾಗುತ್ತದೆ. ಸೇವಾ ಕೇಂದ್ರವೊಂದರ ಗಣಕದಲ್ಲಿ ಆಧಾರ್ ದೃಢೀಕರಣಕ್ಕೆ ಬೇಕಾದ ಬೆರಳಚ್ಚು ಸಾಧನದ ಆರ್‌ಡಿ ಸೇವೆ, ಡಿಜಿಟಲ್ ಸಹಿಯ ಟೋಕನ್ನಿನ ತಂತ್ರಾಂಶ, ಕನ್ನಡ ಬರೆಯಲು ನುಡಿ, ಲೆಕ್ಕಕ್ಕೆ ಟ್ಯಾಲಿ ಇವು ಕೆಲಸಕ್ಕೆ ಬೇಕಾದವು. ಇವನ್ನು ಯಾರೂ ತೆಗೆಯಬೇಕಾಗಿಲ್ಲ. ಆದರೆ ಇವುಗಳ ನಡುವೆ, ಎಂದೋ ಮಾರಿಹೋದ ಪ್ರಿಂಟರಿನ ಸಹಾಯಕ ತಂತ್ರಾಂಶ, ಬಳಕೆಯಲ್ಲಿಲ್ಲದ ಇನ್ನೊಂದು ಕಂಪನಿಯ ಬೆರಳಚ್ಚು ಸಾಧನದ ಸೇವೆ, ಅವಧಿ ಮುಗಿದ ಆಂಟಿವೈರಸ್ಸು, ಅದರ ಜೊತೆಗೇ ಹಾಕಿದ ಇನ್ನೊಂದು ಆಂಟಿವೈರಸ್ಸು, ಸಭೆ ನಡೆಸುವ ಆ್ಯಪುಗಳು, ತಮ್ಮನ್ನು ತಾವೇ ನವೀಕರಿಸಿಕೊಳ್ಳುವ ಹತ್ತಾರು ಸಣ್ಣ ತಂತ್ರಾಂಶಗಳು ಗುಂಪುಗೂಡಿ ನಿಂತಿರುತ್ತವೆ. ಈಗ ಕಚೇರಿಯಲ್ಲೇ ಇಲ್ಲದ ಬೇರೊಂದು ಗಣಕದ ಹಂಚಿಕೆಯ ಕಡತಕೋಶವನ್ನು ಜೋಡಿಸಿಟ್ಟಿದ್ದರೆ ಅದಕ್ಕಾಗಿಯೂ ಕಾಯುವಿಕೆ ನಡೆಯುತ್ತದೆ. ವಿಂಡೋಸ್ 8ರಿಂದ ಈಚೆಗೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ಈ ಪಟ್ಟಿಯೂ ಒಂದೊಂದರ ಪರಿಣಾಮದ ತೂಕವೂ ಕಾಣುತ್ತವೆ. ಬೇಡದ್ದನ್ನು ಅಲ್ಲಿಯೇ ನಿಲ್ಲಿಸಬಹುದು. ಇನ್ನು ಸ್ಮೃತಿಯು 4 ಜಿಬಿ ಮಾತ್ರವಿದ್ದರೆ, ಪರದೆ ಬೇಗ ಬಂದರೂ ಬ್ರೌಸರ್ ತೆರೆಯುವ ಹೊತ್ತಿಗೆ ಯಂತ್ರ ತಿಣುಕುತ್ತದೆ. ಅಲ್ಲಿ ಬೇಕಾದದ್ದು ಇನ್ನೊಂದು 4 ಜಿಬಿಯ ರ‍್ಯಾಮ್, ಹೊಸ ಗಣಕವಲ್ಲ.

ಎಸ್‌ಎಸ್‌ಡಿಯ ಮೇಲಿನ ಕುರುಡು ನಂಬಿಕೆ ಒಂದು ಕಡೆಯಿದ್ದರೆ, ಅದು ಫಲಿಸದಾಗ ಹುಟ್ಟುವ ಮಂತ್ರತಂತ್ರಗಳ ನಂಬಿಕೆ ಇನ್ನೊಂದು ಕಡೆಯಿದೆ, ಅದನ್ನೂ ಇಲ್ಲಿಯೇ ಖಂಡಿಸಬೇಕು. ಎಂಎಸ್‌ಕಾನ್ಫಿಗ್ ಎಂಬಲ್ಲಿ ಪ್ರೊಸೆಸರುಗಳ ಸಂಖ್ಯೆಯನ್ನು ಗುರುತಿಸಿದರೆ ಯಂತ್ರ ಬೇಗ ಏಳುತ್ತದೆ ಎಂಬುದು ಬಹುಪ್ರಚಲಿತವಾದ ಸಲಹೆ. ವಿಂಡೋಸ್ ಆ ಆಯ್ಕೆಯಿಲ್ಲದೆಯೇ ಇರುವಷ್ಟನ್ನೂ ಬಳಸುತ್ತದೆ, ಆ ಪೆಟ್ಟಿಗೆ ಇರುವುದು ಪರೀಕ್ಷೆಗಾಗಿ ಸಂಖ್ಯೆಯನ್ನು ಕಡಿಮೆ ಮಾಡಲು. ಪ್ರೀಫೆಚ್ ಕಡತಕೋಶವನ್ನು ಅಳಿಸಬೇಕೆಂಬುದು ಇನ್ನೊಂದು. ಆರಂಭದಲ್ಲಿ ಏನೇನು ಬೇಕೆಂದು ವಿಂಡೋಸ್ ಬರೆದಿಟ್ಟುಕೊಂಡ ಟಿಪ್ಪಣಿ ಅದು, ಅಳಿಸಿದರೆ ಅದನ್ನು ಮತ್ತೆ ಮೊದಲಿನಿಂದ ಬರೆದುಕೊಳ್ಳಬೇಕಾಗುತ್ತದೆ. ರಿಜಿಸ್ಟ್ರಿ ತೊಳೆಯುವ ತಂತ್ರಾಂಶಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಬೆಂಬಲಿಸುವುದಿಲ್ಲ. ಹಾರ್ಡ್ ಡಿಸ್ಕಿಗೆ ಮಾಡುತ್ತಿದ್ದಂತೆ ಎಸ್‌ಎಸ್‌ಡಿಯನ್ನೂ ಡಿಫ್ರ್ಯಾಗ್ ಮಾಡಬೇಕೆಂಬವರು, ಚದುರಿದ ತುಣುಕುಗಳಿಂದ ಎಸ್‌ಎಸ್‌ಡಿಗೆ ತಟ್ಟೆಗೆ ಆಗುವಂಥ ತೊಂದರೆಯಿಲ್ಲವೆಂಬುದನ್ನೂ ಅನಗತ್ಯ ಬರಹದಿಂದ ಅದರ ಕೋಶಗಳು ಸವೆಯುತ್ತವೆಂಬುದನ್ನೂ ಮರೆಯುತ್ತಾರೆ. ಎಸ್‌ಎಸ್‌ಡಿಗೆ ಬೇಕಾದದ್ದು ಅಳಿಸಿದ ಜಾಗ ಯಾವುದೆಂದು ಡ್ರೈವಿಗೆ ತಿಳಿಸುವ ಟ್ರಿಮ್ ಎಂಬ ಆದೇಶ, ಅದನ್ನು 2009ರ ವಿಂಡೋಸ್ 7ರಿಂದಲೇ ವ್ಯವಸ್ಥೆಯು ತಾನೇ ನೋಡಿಕೊಳ್ಳುತ್ತಿದೆ. ಇಂಥ ಸಲಹೆಗಳ ಮುಖ್ಯ ದೋಷವೆಂದರೆ ಇವು ಯಾವ ವಿಳಂಬವನ್ನೂ ಅಳೆಯದೆ ಹೊರಡುತ್ತವೆ. ಆದ್ದರಿಂದ ಫಲ ಬಂದರೂ ಬಾರದಿದ್ದರೂ ಕಾರಣ ತಿಳಿಯುವುದಿಲ್ಲ.

ಈಗ ಮಲೆನಾಡಿಗೆ ವಿಶೇಷವಾದ ಪ್ರಶ್ನೆಗೆ ಬರಬೇಕು. ಹಾಸನ ಜಿಲ್ಲೆಗೆ ವಿದ್ಯುತ್ತು ಒದಗಿಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಜೂನಿನಿಂದ ಸೆಪ್ಟೆಂಬರಿನವರೆಗಿನ ಗಾಳಿಮಳೆಯಲ್ಲಿ ತೋಟದ ನೆರಳಿನ ಮರಗಳೂ ಕಾಡಿನ ಮರಗಳೂ ತಂತಿಯ ಮೇಲೆ ಉರುಳುವುದರಿಂದ, ಘಟ್ಟದ ಅಂಚಿನ ಹಳ್ಳಿಗಳಲ್ಲಿ ಕರೆಂಟು ಹೋಗಿಬರುವುದು ಮಳೆಗಾಲದ ನಿತ್ಯಸ್ಥಿತಿ. ಬಯಲುಸೀಮೆಯ ನಗರದಲ್ಲಿ ದಿನಕ್ಕೊಮ್ಮೆ ಆಗುವ ಗಣಕದ ಆರಂಭವು ಇಲ್ಲಿ ದಿನಕ್ಕೆ ಹಲವು ಬಾರಿ ಆಗುತ್ತದೆ. ಆದ್ದರಿಂದ ಆರಂಭದ ವೇಗವು ಇಲ್ಲಿ ಕಚೇರಿಯ ಕೆಲಸದ ಅವಧಿಯನ್ನೇ ಮುಟ್ಟುತ್ತದೆ. 2012ರ ವಿಂಡೋಸ್ 8ರೊಡನೆ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವು ಯಂತ್ರವನ್ನು ಕ್ರಮವಾಗಿ ಮುಚ್ಚುವಾಗ ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಓದಿ ಬೇಗ ಏಳುತ್ತದೆ. ಕರೆಂಟು ಥಟ್ಟನೆ ಹೋದಾಗ ಮುಚ್ಚುವಿಕೆಯೇ ನಡೆದಿರುವುದಿಲ್ಲ, ಬರೆದಿಟ್ಟ ಸ್ಥಿತಿಯೂ ಇರುವುದಿಲ್ಲ. ಹೀಗಾಗಿ ಪ್ರತಿಯೊಂದು ಕಡಿತದ ನಂತರವೂ ಯಂತ್ರವು ಮೊದಲಿನಿಂದಲೇ ಏಳಬೇಕು. ಏಳುತ್ತಿರುವಾಗಲೇ ಮತ್ತೆಮತ್ತೆ ಕರೆಂಟು ಹೋದರೆ ವಿಂಡೋಸ್ ತನಗೇನೋ ಆಗಿದೆಯೆಂದು ತಿಳಿದು ದುರಸ್ತಿಯ ಪರದೆಗೆ ಹೋಗುತ್ತದೆ. ನಗರದಲ್ಲಿ ಸಿದ್ಧವಾದ ಸಲಹೆಯು, ಈ ಒಂದು ಸೌಲಭ್ಯವನ್ನು ಆನ್ ಮಾಡಿದರೆ ಸಾಕೆನ್ನುವಾಗ, ಈ ಊರುಗಳ ವಾಸ್ತವವನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಅಷ್ಟೇ ಅಲ್ಲ, ಹಠಾತ್ ಕಡಿತವು ಎಸ್‌ಎಸ್‌ಡಿಗೇ ಅಪಾಯಕಾರಿ. ಯಾವ ಮಾಹಿತಿ ಯಾವ ಕೋಶದಲ್ಲಿದೆ ಎಂಬ ನಕ್ಷೆಯನ್ನು ಎಸ್‌ಎಸ್‌ಡಿಯ ನಿಯಂತ್ರಕವು ಸದಾ ತಿದ್ದುತ್ತಿರುತ್ತದೆ. ದತ್ತಾಂಶ ಕೇಂದ್ರಗಳಿಗೆಂದು ಮಾಡಿದ ಡ್ರೈವುಗಳಲ್ಲಿ ಕರೆಂಟು ಹೋದ ಕ್ಷಣದಲ್ಲಿ ಆ ನಕ್ಷೆಯನ್ನು ಬರೆದು ಮುಗಿಸುವಷ್ಟು ಶಕ್ತಿ ಹಿಡಿದಿಡುವ ಕೆಪ್ಯಾಸಿಟರುಗಳಿರುತ್ತವೆ, ಸಾಮಾನ್ಯ ಬಳಕೆಯ ಅಗ್ಗದ ಡ್ರೈವುಗಳಲ್ಲಿ ಇರುವುದಿಲ್ಲ. ಆದ್ದರಿಂದ ಯುಪಿಎಸ್ಸಿನ ಸತ್ತ ಬ್ಯಾಟರಿಯನ್ನು ಹಾಗೆಯೇ ಬಿಟ್ಟು ಎಸ್‌ಎಸ್‌ಡಿಗೆ ಮಾತ್ರ ಹಣ ಹಾಕುವುದು ವಿವೇಕವಲ್ಲ. ಸಣ್ಣ ಯುಪಿಎಸ್ಸುಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟಿನ, 7 ಆಂಪಿಯರ್-ಅವರ್ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಬಲಗುಂದುತ್ತದೆ. ಅದನ್ನು ಕಾಲಕಾಲಕ್ಕೆ ಬದಲಿಸಿದರೆ ಸಣ್ಣ ಕಡಿತಗಳು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಯುಪಿಎಸ್ಸಿನಲ್ಲಿ ಯುಎಸ್‌ಬಿ ಸಂಪರ್ಕವಿದ್ದರೆ, ಬ್ಯಾಟರಿ ಮುಗಿಯುವ ಮೊದಲೇ ಗಣಕವು ತೆರೆದ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಮಲಗುವ ಹೈಬರ್ನೇಟ್ ಸ್ಥಿತಿಗೆ ತಾನಾಗಿಯೇ ಹೋಗುವಂತೆ ಮಾಡಬಹುದು. ಮೇಜಿನ ಗಣಕಗಳಲ್ಲಿರುವ ಹೈಬ್ರಿಡ್ ಸ್ಲೀಪ್ ಎಂಬ ವಿಧಾನವು ಸ್ಥಿತಿಯನ್ನು ಸ್ಮೃತಿಯಲ್ಲಿಯೂ ಡಿಸ್ಕಿನಲ್ಲಿಯೂ ಇಟ್ಟುಕೊಳ್ಳುವುದರಿಂದ, ವಿರಾಮದ ವೇಳೆಯಲ್ಲಿ ಕರೆಂಟು ಹೋದರೂ ಏನೂ ನಷ್ಟವಾಗುವುದಿಲ್ಲ. ಆರಂಭವನ್ನು ವೇಗಗೊಳಿಸುವ ಅತ್ಯುತ್ತಮ ಉಪಾಯವೆಂದರೆ ಅನಗತ್ಯವಾದ ಆರಂಭಗಳನ್ನೇ ತಪ್ಪಿಸುವುದು. ಗುಡ್ಡಗಾಡಿನ ಕಚೇರಿಗೆ ಇದಕ್ಕಿಂತ ಉಪಯುಕ್ತವಾದ ಮಾತಿಲ್ಲ.

ಈ ವಾದದ ವಿರುದ್ಧ ಮೂರು ಆಕ್ಷೇಪಗಳು ಬರಬಹುದು. ಒಂದೆರಡು ನಿಮಿಷಗಳಿಗಾಗಿ ಇಷ್ಟು ಚರ್ಚೆ ಏಕೆ ಎಂಬುದು ಮೊದಲನೆಯದು. ಆ ನಿಮಿಷಗಳು ಯಂತ್ರದ ಮುಂದೆ ಕುಳಿತವರವು ಮಾತ್ರವಲ್ಲ, ಅದರ ಎದುರಿಗೆ ಸಾಲಿನಲ್ಲಿ ನಿಂತವರವೂ ಹೌದು. ಅರ್ಧ ದಿನದ ಕೂಲಿ ಬಿಟ್ಟು, ವಿರಳವಾದ ಬಸ್ಸು ಹಿಡಿದು ಬಂದವರು, ಆಲೂರು–ಸಕಲೇಶಪುರ ಭಾಗದಲ್ಲಿ ಕಾಡಾನೆಗಳ ಓಡಾಟವಿರುವುದರಿಂದ ಕತ್ತಲಾಗುವ ಮುಂಚೆ ಮನೆ ಸೇರಲೇಬೇಕು. ಕಚೇರಿಯಲ್ಲಿ ಕಳೆದುಹೋದ ಅರ್ಧ ಗಂಟೆಯು ಇಲ್ಲಿ ಬಸ್ಸು ತಪ್ಪಿಸುತ್ತದೆ, ಕೆಲಸವನ್ನು ಮರುದಿನಕ್ಕೆ ತಳ್ಳುತ್ತದೆ, ಮತ್ತೊಂದು ದಿನದ ಕೂಲಿಯನ್ನು ಕಸಿಯುತ್ತದೆ. ಈ ನಷ್ಟವು ಯಾವ ಖರೀದಿ ಕಡತದಲ್ಲಿಯೂ ದಾಖಲಾಗದಿರುವುದರಿಂದಲೇ ಅದು ಅಲ್ಪವೆಂದು ತೋರುತ್ತದೆ.

ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಹೊಡೆದರೆ ಈ ತೊಡಕುಗಳೆಲ್ಲ ಒಟ್ಟಿಗೆ ಹೋಗುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಹೊಸದಾಗಿ ವಿಂಡೋಸ್ ಹಾಕುವುದು ಕ್ಲೋನಿಗಿಂತ ಶುದ್ಧವಾದ ಮಾರ್ಗವೆಂಬುದು ನಿಜ. ಆದರೆ ಫರ್ಮ್‌ವೇರಿನ ಅನುಕ್ರಮ, ಸತ್ತ ಬ್ಯಾಟರಿ, ಸವೆದ ಹಳೆಯ ಡಿಸ್ಕು, ಸಾಲದ ರ‍್ಯಾಮ್ ಇವು ಯಾವ ಫಾರ್ಮ್ಯಾಟಿಗೂ ಬಗ್ಗುವುದಿಲ್ಲ. ಜೊತೆಗೆ ಬೆರಳಚ್ಚು ಸಾಧನದ ತಂತ್ರಾಂಶ, ಡಿಜಿಟಲ್ ಸಹಿಯ ಡ್ರೈವರು, ಹಳೆಯ ಕಡತಗಳಿಗೆ ಬೇಕಾದ ನುಡಿ ಅಕ್ಷರಗಳು, ಲೆಕ್ಕದ ಪರವಾನಗಿ ಇವನ್ನೆಲ್ಲ ಮತ್ತೆ ಹೊಂದಿಸಬೇಕು. ಬ್ಯಾಕಪ್ ಇಲ್ಲದೆ ಹೊಡೆದ ಫಾರ್ಮ್ಯಾಟಿನಲ್ಲಿ ವರ್ಷಗಳ ಲೆಕ್ಕವೇ ಹೋಗಬಹುದು. ರೋಗ ಯಾವುದೆಂದು ನೋಡದೆ ಮಾಡುವ ಚಿಕಿತ್ಸೆ ಕೆಲವೊಮ್ಮೆ ಫಲಿಸಿದರೂ ಅದನ್ನು ಪದ್ಧತಿಯನ್ನಾಗಿ ಒಪ್ಪಲಾಗದು.

ಮೂರನೆಯ ಆಕ್ಷೇಪವೇ ಹೆಚ್ಚು ಗಂಭೀರವಾದದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಗವೂ ಸುಮಾರಾಗಿ ಇಂಟೆಲ್ಲಿನ ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರೂ ಬೇಕು. ಜನರ ಆಧಾರ್ ಮಾಹಿತಿಯನ್ನು ಮುಟ್ಟುವ ಯಂತ್ರವು ಭದ್ರತಾ ನವೀಕರಣವಿಲ್ಲದೆ ಓಡಬಾರದು ಎಂಬ ಮಾತಿಗೆ ಎದುರಾಡುವಂತಿಲ್ಲ. ಆದರೆ ಇದು ಭದ್ರತೆಯ ಕಾರಣವೇ ಹೊರತು ನಿಧಾನದ ಕಾರಣವಲ್ಲ. ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಬಳಸುವುದು ತರ್ಕದೋಷ. ಅಂಥ ಕಚೇರಿಯಲ್ಲಿ ಯಂತ್ರ ಬದಲಿಸುವುದು ಸರಿಯೇ. ಆದರೆ ಶಾಲೆಯ ಪ್ರಯೋಗಾಲಯ, ಗ್ರಂಥಾಲಯ, ತೋಟದ ಕಚೇರಿ ಇವುಗಳಲ್ಲಿ ಅದೇ ಯಂತ್ರವು ಎಸ್‌ಎಸ್‌ಡಿ, ತುಸು ಹೆಚ್ಚಿನ ರ‍್ಯಾಮ್ ಮತ್ತು ನವೀಕರಣ ನಿಲ್ಲದ ಒಂದು ಲಿನಕ್ಸಿನೊಡನೆ ಇನ್ನೂ ಹಲವು ವರ್ಷ ದುಡಿಯಬಲ್ಲದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಹಳೆಯ ಉಪಕರಣಗಳನ್ನು ನೋಂದಾಯಿತ ಮರುಬಳಕೆದಾರರಿಗೂ ನವೀಕರಿಸುವವರಿಗೂ ತಲುಪಿಸಲು ಹೇಳುತ್ತವೆ. ಹೇಮಾವತಿಯ ಹರಿವಿನ ಪ್ರದೇಶದಲ್ಲಿ ಸೀಸ ಮೊದಲಾದ ಲೋಹಗಳಿರುವ ಸರ್ಕೀಟುಗಳನ್ನು ಗುಜರಿಗೆ ಹಾಕುವುದಕ್ಕಿಂತ, ಅವು ಬಾಳುವಷ್ಟು ಕಾಲ ಬಾಳಿಸುವುದೇ ಮೊದಲ ಧರ್ಮ.

ಆದ್ದರಿಂದ ಆಗಬೇಕಾದ ಕೆಲಸದ ಕ್ರಮ ಸ್ಪಷ್ಟವಾಗಿದೆ. ಎಸ್‌ಎಸ್‌ಡಿ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಆರಂಭದ ಕಾಲವನ್ನು ಹಂತಹಂತವಾಗಿ ಬರೆದಿಡಬೇಕು. ಯುಇಎಫ್‌ಐ ವಿಧಾನದಲ್ಲಿ ಏಳುವ ಯಂತ್ರಗಳಲ್ಲಿ ಫರ್ಮ್‌ವೇರ್ ತೆಗೆದುಕೊಂಡ ಸಮಯವನ್ನು ಟಾಸ್ಕ್ ಮ್ಯಾನೇಜರ್ ಸಾಮಾನ್ಯವಾಗಿ 'ಲಾಸ್ಟ್ ಬಯೋಸ್ ಟೈಮ್' ಎಂದು ತೋರಿಸುತ್ತದೆ. ಒಟ್ಟು ಆರಂಭದ ಅವಧಿಯು ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ, ಕಾರ್ಯಕ್ಷಮತೆಯ ದಾಖಲೆಯ 100ನೆಯ ಸಂಖ್ಯೆಯ ನಮೂದಿನಲ್ಲಿರುತ್ತದೆ. ಲಿನಕ್ಸಿನಲ್ಲಿ ಸಿಸ್ಟಂಡಿ-ಅನಲೈಜ್ ಎಂಬ ಒಂದೇ ಆದೇಶವು ಫರ್ಮ್‌ವೇರಿನಿಂದ ಪರದೆಯವರೆಗಿನ ಪಾಲುಗಳನ್ನು ಬಿಡಿಸಿಕೊಡುತ್ತದೆ. ಇವಕ್ಕೆ ಯಾವ ಹೊಸ ತಂತ್ರಾಂಶವನ್ನೂ ಕೊಳ್ಳಬೇಕಾಗಿಲ್ಲ. ಯಾವ ಪಾಲು ದೊಡ್ಡದೋ ಅದನ್ನು ಮೊದಲು ಕೈಗೆತ್ತಿಕೊಂಡು, ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆದು ಮುಂದುವರಿಯಬೇಕು. ಹೀಗೆ ಮಾಡಿದ ಮೇಲೂ ಪ್ರೊಸೆಸರಿನ ಅಥವಾ ಭದ್ರತೆಯ ಮಿತಿಯೇ ಅಡ್ಡಬಂದರೆ ಆಗ ಹೊಸ ಯಂತ್ರದ ಬೇಡಿಕೆ ನ್ಯಾಯವಾದದ್ದು, ಆ ಬೇಡಿಕೆಗೆ ಅಂಕಿಗಳ ಆಧಾರವೂ ಇರುತ್ತದೆ.

ಯಂತ್ರವನ್ನು ಬದಲಿಸುವುದು ಸುಲಭ, ಏಕೆಂದರೆ ಅದಕ್ಕೆ ಹಣ ಮಂಜೂರಾದರೆ ಸಾಕು. ಯಂತ್ರವನ್ನು ಅರಿಯುವುದು ಕಷ್ಟ, ಏಕೆಂದರೆ ಅದಕ್ಕೆ ಯಾರಾದರೂ ಹೊಣೆ ಹೊರಬೇಕು. ಎಸ್‌ಎಸ್‌ಡಿಯನ್ನು ಸರ್ವರೋಗಪರಿಹಾರವೆಂದು ಮಾರುವ, ಅದು ಫಲಿಸದಿದ್ದಾಗ ಯಂತ್ರವನ್ನೇ ದೂರುವ ಅಭಿಪ್ರಾಯವು ಈ ಹೊಣೆಯಿಂದ ಎಲ್ಲರನ್ನೂ ಬಿಡಿಸುತ್ತದೆ, ಅದರ ಜನಪ್ರಿಯತೆಯ ಗುಟ್ಟೂ ಅದೇ. ಖರೀದಿಗೆ ಅನುಮೋದನೆ ಕೊಡುವ ಪ್ರತಿಯೊಂದು ಪಂಚಾಯಿತಿಯೂ ಸಹಕಾರ ಸಂಘವೂ ಶಾಲೆಯೂ ತೋಟದ ಕಚೇರಿಯೂ ಕಡತದ ಮೇಲೆ ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಲಿ: ಈ ಯಂತ್ರದ ಕಾಲ ಯಾವ ಹಂತದಲ್ಲಿ ಎಷ್ಟು ಕಳೆಯುತ್ತಿದೆ, ಅದನ್ನು ಅಳೆದವರು ಯಾರು? ಉತ್ತರವಿಲ್ಲದ ಕಡತ ಹಿಂದಿರುಗಲಿ. ಆ ಒಂದು ಶಿಸ್ತು ರೂಢಿಯಾದರೆ ಮಲೆನಾಡಿನ ಮೇಜುಗಳ ಮೇಲಿರುವ ಬಹಳಷ್ಟು ಯಂತ್ರಗಳು ಇನ್ನೂ ದುಡಿಯಲು ಅರ್ಹವೆಂದು ತಿಳಿದುಬರುತ್ತದೆ, ಉಳಿದ ಹಣ ನಿಜವಾಗಿ ಬೇಕಾದ ಕಡೆಗೆ ಹೋಗುತ್ತದೆ.